ಪ್ಯಾವಿಲೆಂಡ್ ಗುಹೆಯ ಎಲುಬುಗಳು: ಒಂದು ಕಾಲನಿರ್ಣಯದ ಇತಿಹಾಸ

ಶಿಲಾಶಾಸನವೊಂದು ದೊರೆತಾಗ ಅದರ ಕಾಲವನ್ನು ತಿಳಿಯುವುದು ಬಹುಮಟ್ಟಿಗೆ ಸುಲಭ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಅದು ತಾನೇ ಹೇಳಿಕೊಳ್ಳುತ್ತದೆ. ಆ ಭಾಗ ಒಡೆದುಹೋಗಿದ್ದರೆ ಆಳುತ್ತಿದ್ದ ಅರಸನ ಹೆಸರಾದರೂ ಇರುತ್ತದೆ. ಅದೂ ಇಲ್ಲದಿದ್ದಲ್ಲಿ ಲಿಪಿಯ ಆಕಾರವೇ ಶತಮಾನವನ್ನು ಸೂಚಿಸುತ್ತದೆ. ಓಲೆಗರಿಯ ಪ್ರತಿಗೂ ಲಿಪಿಕಾರನ ಮುಕ್ತಾಯವಾಕ್ಯ ಒಂದು ಆಸರೆ. ಆದರೆ ಅಕ್ಷರವೆಂಬುದೇ ಹುಟ್ಟದಿದ್ದ ಕಾಲದ ಮನುಷ್ಯನೊಬ್ಬನ ಎಲುಬು ಗುಹೆಯೊಂದರ ಮಣ್ಣಿನಿಂದ ಹೊರಬಂದರೆ ಅದರ ಕಾಲವನ್ನು ಹೇಳುವವರಾರು? ಎಲುಬು ಮೂಕವಾದುದು. ಅದರ ಬಾಯಿಯಲ್ಲಿ ಮಾತು ತುಂಬುವವರು ನಾವು. ಆ ಮಾತು ಎಲುಬಿನದೋ, ಅದನ್ನು ನೋಡುವವರ ಮನಸ್ಸಿನದೋ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವಾಗಿ ನಿಲ್ಲಬಲ್ಲ ಒಂದು ನಿದರ್ಶನ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿದೆ. ಅಲ್ಲಿ 1823ರಲ್ಲಿ ದೊರೆತ ಒಂದು ಅಸ್ಥಿಪಂಜರದ ಕಾಲವನ್ನು 185 ವರ್ಷಗಳ ಅವಧಿಯಲ್ಲಿ ವಿದ್ವಾಂಸರು ಮತ್ತೆ ಮತ್ತೆ ತಿದ್ದಿದರು. ರೋಮನರ ಕಾಲದ ಹೆಂಗಸೆಂದು ಹೆಸರಾದ ವ್ಯಕ್ತಿ ಕೊನೆಗೆ ಮೂವತ್ತಮೂರು ಸಾವಿರ ವರ್ಷಗಳಿಗೂ ಹಿಂದಿನ ಗಂಡಸೆಂದು ಸಿದ್ಧವಾಯಿತು. ಎಲುಬು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಆ ಬದಲಾವಣೆಯ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮ್ಮ ಅಧ್ಯಯನಗಳಿಗೆ ದೊರೆಯುವ ಪಾಠವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಗುಹೆ ಮತ್ತು ಶೋಧ

ದಕ್ಷಿಣ ವೇಲ್ಸಿನ ಗೋವರ್ ಎಂಬ ಪರ್ಯಾಯದ್ವೀಪದ ಅಂಚಿನಲ್ಲಿ, ಬ್ರಿಸ್ಟಲ್ ಕಾಲುವೆಯ ಕಡೆಗೆ ಮುಖಮಾಡಿದ ಸುಣ್ಣಕಲ್ಲಿನ ಕಡಿಬಂಡೆಗಳಿವೆ. ಅವುಗಳಲ್ಲೊಂದರ ಮೈಯಲ್ಲಿ 'ಮೇಕೆಯ ಬಿಲ' ಎಂಬ ಅರ್ಥದ ಹೆಸರುಳ್ಳ ಗುಹೆಯಿದೆ. ಪ್ಯಾವಿಲೆಂಡ್ ಎಂಬ ಸ್ಥಳನಾಮದಿಂದಲೇ ಅದು ಪ್ರಸಿದ್ಧ. ಇಂದು ಕಡಲು ಅದರ ಬುಡಕ್ಕೆ ಬಂದು ಬಡಿಯುತ್ತದೆ. ನೀರು ಇಳಿದ ಕೆಲವು ತಾಸು ಮಾತ್ರ ತೀರದ ಬಂಡೆಗಳ ಮೇಲೆ ಹಾಯ್ದು ಅಲ್ಲಿಗೆ ಹೋಗಬಹುದು. ಉಳಿದ ಹೊತ್ತಿನಲ್ಲಿ ಬಂಡೆಯನ್ನು ಹತ್ತಿ ಇಳಿಯುವ ಅಪಾಯದ ದಾರಿಯೊಂದೇ ಗತಿ.

1822ರ ಕೊನೆಯಲ್ಲಿ ಸ್ಥಳೀಯರು ಈ ಗುಹೆಯಲ್ಲಿ ಆನೆಯ ಎಲುಬುಗಳನ್ನೂ ದಂತವನ್ನೂ ಕಂಡರು. ಆ ಸುದ್ದಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನವನ್ನು ಬೋಧಿಸುತ್ತಿದ್ದ ವಿಲಿಯಂ ಬಕ್ಲೆಂಡ್ ಅವರಿಗೆ ಮುಟ್ಟಿತು. ಬಕ್ಲೆಂಡರು ಭೂವಿಜ್ಞಾನಿಯಷ್ಟೇ ಅಲ್ಲ, ದೀಕ್ಷೆ ಪಡೆದ ಕ್ರೈಸ್ತ ಪಾದ್ರಿಗಳೂ ಆಗಿದ್ದರು. ಯಾರ್ಕ್‌ಷೈರಿನ ಕರ್ಕ್‌ಡೇಲ್ ಗುಹೆಯ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿ, ಅದು ಒಂದು ಕಾಲಕ್ಕೆ ಕತ್ತೆಕಿರುಬಗಳ ಬಿಲವಾಗಿತ್ತೆಂದು ತೋರಿಸಿ ಅದಾಗಲೇ ಕೀರ್ತಿ ಪಡೆದಿದ್ದರು. ಆ ಕಾರ್ಯಕ್ಕಾಗಿ ರಾಯಲ್ ಸೊಸೈಟಿಯು 1822ರಲ್ಲಿ ಅವರಿಗೆ ಕಾಪ್ಲೆ ಪದಕವನ್ನಿತ್ತು ಗೌರವಿಸಿತ್ತು.

1823ರ ಜನವರಿಯಲ್ಲಿ ಬಕ್ಲೆಂಡರು ಪ್ಯಾವಿಲೆಂಡಿಗೆ ಬಂದರು. ಗುಹೆಯ ನೆಲದಲ್ಲಿ ಆರು ಅಂಗುಲದಷ್ಟೇ ಆಳದಲ್ಲಿ ಅವರಿಗೆ ಮಾನವನ ಅಸ್ಥಿಪಂಜರ ಕಾಣಿಸಿತು. ತಲೆಬುರುಡೆ ಇರಲಿಲ್ಲ, ಬಲಭಾಗದ ಹೆಚ್ಚಿನ ಎಲುಬುಗಳೂ ಇರಲಿಲ್ಲ. ಎಡಗೈ, ಎಡಗಾಲು, ಕಟಿಯ ಎಲುಬು, ಪಕ್ಕೆಲುಬುಗಳು ಉಳಿದಿದ್ದವು. ಅವೆಲ್ಲವೂ ಗಾಢವಾದ ಕೆಂಪು ಬಣ್ಣವನ್ನು ಹೊತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಬಳಿಯುವ ಜಾಜಿನಂತಹ ಕೆಮ್ಮಣ್ಣು ಸುತ್ತಲ ಮಣ್ಣಿನಲ್ಲೂ ಬೆರೆತಿತ್ತು. ತೊಡೆಯ ಬಳಿ ಎರಡು ಹಿಡಿಯಷ್ಟು ಸಣ್ಣ ಕಡಲಚಿಪ್ಪುಗಳಿದ್ದವು. ಎದೆಯ ಪಕ್ಕೆಲುಬುಗಳ ಬಳಿ ದಂತದಿಂದ ಕೊರೆದ ದುಂಡನೆಯ ಕಡ್ಡಿಗಳ ನಾಲ್ವತ್ತೈವತ್ತು ತುಂಡುಗಳೂ, ದಂತದ ಬಳೆಗಳ ಚೂರುಗಳೂ ಸಿಕ್ಕವು. ಅದೇ ಗುಹೆಯಲ್ಲಿ ಮ್ಯಾಮತ್ ಎಂಬ, ಈಗ ಅಳಿದುಹೋಗಿರುವ ರೋಮಾವೃತವಾದ ಆನೆಯ ತಲೆಯೂ ಇತ್ತು.

ಇವೆಲ್ಲವನ್ನೂ ಬಕ್ಲೆಂಡರು ಅದೇ ವರ್ಷ ಪ್ರಕಟವಾದ ತಮ್ಮ 'ರೆಲಿಕ್ವಿಯೆ ಡಿಲುವಿಯಾನೆ' ಎಂಬ ಗ್ರಂಥದಲ್ಲಿ ವರ್ಣಿಸಿದರು. ಗುಹೆಯ ಛೇದಚಿತ್ರವೊಂದನ್ನು ಬರೆಯಿಸಿ, ಅಸ್ಥಿಪಂಜರವಿದ್ದ ಸ್ಥಳವನ್ನೂ ಅದರಲ್ಲಿ ತೋರಿಸಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಕ್ಲೆಂಡರ ನಿರ್ಣಯ

ಕಂಡದ್ದನ್ನು ಇಷ್ಟು ಚೆನ್ನಾಗಿ ಬರೆದವರು ಅದರ ಅರ್ಥವನ್ನು ಹೇಳುವಲ್ಲಿ ಮಾತ್ರ ಎಡವಿದರು. ಮೊದಲು ಅದು ಗಂಡಸಿನ ಅಸ್ಥಿಯೆಂದೂ, ಕಳ್ಳಸಾಗಣೆಯವರ ಕೈಯಲ್ಲಿ ಹತನಾದ ಸುಂಕದ ಅಧಿಕಾರಿಯೊಬ್ಬನದಾಗಿರಬಹುದೆಂದೂ ಊಹೆ ಹೊರಟಿತು. ಬಳಿಕ ದಂತದ ಆಭರಣಗಳನ್ನು ನೋಡಿ ಅದು ಹೆಂಗಸೆಂದು ತೀರ್ಮಾನವಾಯಿತು. ಕುರಿಯ ಹೆಗಲೆಲುಬೊಂದು ಸಿಕ್ಕಿದ್ದರಿಂದ ಆಕೆ ಶಕುನ ನುಡಿಯುವ ಮಾಟಗಾತಿಯಾಗಿರಬಹುದೆಂಬ ಕಲ್ಪನೆಯೂ ಸೇರಿಕೊಂಡಿತು. ಗುಹೆಯ ಮೇಲಣ ದಿಣ್ಣೆಯಲ್ಲಿ ಹಳೆಯ ಕೋಟೆಯೊಂದರ ಕುರುಹುಗಳಿದ್ದವು. ಅದನ್ನು ರೋಮನರ ಕಾಲದ ಶಿಬಿರವೆಂದು ತಿಳಿದು, ಈ ಹೆಂಗಸು ಆ ಶಿಬಿರವನ್ನು ನೆಚ್ಚಿ ಬದುಕಿದವಳೆಂದು ಬಕ್ಲೆಂಡರು ಬರೆದರು. ಹೀಗೆ 'ಪ್ಯಾವಿಲೆಂಡಿನ ಕೆಂಪು ಮಹಿಳೆ' ಎಂಬ ಹೆಸರು ಹುಟ್ಟಿತು. ಆ ಹೆಸರು ತಪ್ಪೆಂದು ಎಲ್ಲರೂ ಬಲ್ಲ ಇಂದೂ ಅದೇ ಹೆಸರು ಬಳಕೆಯಲ್ಲಿದೆ.

ಇಷ್ಟು ಜಾಣರಾದ ವಿದ್ವಾಂಸರು ಹೀಗೇಕೆ ಎಡವಿದರು? ಕಾರಣ ಎಲುಬಿನಲ್ಲಿರಲಿಲ್ಲ, ಅವರ ಸಿದ್ಧಾಂತದಲ್ಲಿತ್ತು. ಬೈಬಲ್ಲಿನ ನೋಹನ ಕಾಲದ ಜಲಪ್ರಳಯವು ಭೂಮಿಯ ಮೇಲೆ ಬಿಟ್ಟ ಗುರುತುಗಳನ್ನು ತೋರಿಸುವುದೇ ಅವರ ಗ್ರಂಥದ ಉದ್ದೇಶವಾಗಿತ್ತು. ಅಳಿದ ಪ್ರಾಣಿಗಳೆಲ್ಲ ಪ್ರಳಯಕ್ಕೆ ಮೊದಲಿನವು. ಬ್ರಿಟನ್ನಿನಲ್ಲಿ ಮನುಷ್ಯನು ಪ್ರಳಯದ ಅನಂತರ ಬಂದವನು ಎಂಬುದು ಅವರ ನಿಲುವು. ಆದ್ದರಿಂದ ಮ್ಯಾಮತ್ತಿನ ಮಗ್ಗುಲಲ್ಲಿ ಮನುಷ್ಯನು ಮಲಗಿದ್ದರೂ ಇಬ್ಬರೂ ಒಂದೇ ಕಾಲದವರೆಂದು ಒಪ್ಪಲು ಅವರಿಗೆ ಸಾಧ್ಯವಾಗಲಿಲ್ಲ. ಹಾಗಾದರೆ ಮ್ಯಾಮತ್ತಿನ ದಂತದಿಂದ ಮಾಡಿದ ಕಡ್ಡಿಗಳು? ಅದಕ್ಕೂ ಸಮಾಧಾನ ಸಿದ್ಧವಾಗಿತ್ತು: ಗುಹೆಯಲ್ಲಿ ಬಹುಕಾಲದಿಂದ ಬಿದ್ದಿದ್ದ ಹಳೆಯ ದಂತವನ್ನು ಆಮೇಲೆ ಬಂದವರು ಕೊರೆದಿರಬೇಕು! ಕಣ್ಣೆದುರಿನ ಸಾಕ್ಷ್ಯ ಒಂದು ದಿಕ್ಕನ್ನು ತೋರುತ್ತಿರುವಾಗ, ಮೊದಲೇ ನಿಶ್ಚಯಿಸಿಕೊಂಡ ಮತವು ಇನ್ನೊಂದು ದಿಕ್ಕಿಗೆ ಎಳೆದುದಕ್ಕೆ ಇದೊಂದು ಸ್ಪಷ್ಟವಾದ ಉದಾಹರಣೆ.

ಬಕ್ಲೆಂಡರನ್ನು ಹಾಸ್ಯಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಹಟಮಾರಿಗಳಾಗಿರಲಿಲ್ಲ. 1836ರಲ್ಲಿ ಪ್ರಕಟವಾದ ತಮ್ಮ ಮತ್ತೊಂದು ಗ್ರಂಥದಲ್ಲಿ, ಗುಹೆಗಳ ನಿಕ್ಷೇಪಗಳಿಗೆ ನೋಹನ ಪ್ರಳಯವೇ ಕಾರಣವೆಂಬ ವಾದವನ್ನು ಅವರೇ ಕೈಬಿಟ್ಟರು. 1840ರ ಸುಮಾರಿಗೆ, ಯೂರೋಪನ್ನು ಹಿಂದೆ ಹಿಮರಾಶಿಗಳು ಆವರಿಸಿದ್ದುವೆಂಬ ಅಗಾಸಿಸ್ ಅವರ ಸಿದ್ಧಾಂತವನ್ನು ಬ್ರಿಟನ್ನಿನಲ್ಲಿ ಮೊದಲು ಬೆಂಬಲಿಸಿದವರಲ್ಲಿ ಅವರೂ ಒಬ್ಬರು. ತಾನು ಹಿಂದೆ ಆಡಿದ ಮಾತನ್ನು ತಾನೇ ಹಿಂದೆಗೆದುಕೊಳ್ಳುವ ಧೈರ್ಯ ಎಲ್ಲ ಪಂಡಿತರಲ್ಲಿಯೂ ಕಾಣುವ ಗುಣವಲ್ಲ. ಆದರೆ ಕೆಂಪು ಮಹಿಳೆಯನ್ನು ಕುರಿತ ಮಾತನ್ನು ಅವರು ತಿದ್ದಲಿಲ್ಲ. ಆ ಕೆಲಸ ಮುಂದಿನವರ ಪಾಲಿಗೆ ಉಳಿಯಿತು.

ಮಾನವನ ಪ್ರಾಚೀನತೆಯ ಅಂಗೀಕಾರ

ಆ ಕಾಲದಲ್ಲಿ ಇಂತಹ ಸಾಕ್ಷ್ಯ ಪ್ಯಾವಿಲೆಂಡಿನದೊಂದೇ ಆಗಿರಲಿಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕೆಂಟ್ ಗುಹೆಯಲ್ಲಿ ಮ್ಯಾಕ್‌ಎನರಿ ಎಂಬ ಕ್ಯಾಥೊಲಿಕ್ ಪಾದ್ರಿಗಳು, ಒಡೆಯದೆ ಉಳಿದಿದ್ದ ಸುಣ್ಣದ ಹೆಪ್ಪುಗಟ್ಟಿದ ನೆಲದ ಅಡಿಯಲ್ಲಿ, ಅಳಿದ ಪ್ರಾಣಿಗಳ ಎಲುಬುಗಳೊಂದಿಗೆ ಕಲ್ಲಿನ ಆಯುಧಗಳನ್ನು ಕಂಡಿದ್ದರು. ಹಳೆಯ ಬ್ರಿಟನರು ಒಲೆ ಹೂಡಲು ಆ ನೆಲವನ್ನು ಅಗೆದಾಗ ಆಯುಧಗಳು ಕೆಳಗಿಳಿದಿರಬೇಕೆಂದು ಬಕ್ಲೆಂಡರು ಅವರಿಗೆ ಹೇಳಿದರು. ಬೆಲ್ಜಿಯಂ ದೇಶದ ಎಂಜಿಸ್ ಗುಹೆಯಲ್ಲಿ ಶ್ಮೆರ್ಲಿಂಗ್ ಎಂಬ ವೈದ್ಯರಿಗೂ ಮಾನವನ ಅಸ್ಥಿಗಳು ಅಳಿದ ಪ್ರಾಣಿಗಳ ಜೊತೆಯಲ್ಲೇ ದೊರೆತಿದ್ದವು. ಆ ಮಾತಿಗೂ ಮನ್ನಣೆ ಸಿಗಲಿಲ್ಲ.

ಈ ಅಡ್ಡಗೋಡೆ ಬಿದ್ದದ್ದು 1858-59ರಲ್ಲಿ. 1858ರಲ್ಲಿ ಬ್ರಿಕ್ಸ್‌ಹ್ಯಾಮ್ ಎಂಬಲ್ಲಿ ಹೊಸದಾಗಿ ಕಂಡ ಗುಹೆಯನ್ನು ಪೆಂಜೆಲಿ ಅವರು ಪದರಪದರವಾಗಿ, ಪ್ರತಿಯೊಂದು ವಸ್ತುವಿನ ಸ್ಥಾನವನ್ನೂ ಗುರುತಿಸುತ್ತ ಅಗೆಯಿಸಿದರು. ಗಟ್ಟಿಯಾದ ಸುಣ್ಣದ ನೆಲದ ಕೆಳಗೆ ಅಳಿದ ಪ್ರಾಣಿಗಳ ಎಲುಬುಗಳೊಂದಿಗೆ ಕಲ್ಲಿನ ಆಯುಧಗಳು ಸಂದೇಹಕ್ಕೆಡೆಯಿಲ್ಲದಂತೆ ದೊರೆತವು. ಮರುವರ್ಷ ಪ್ರೆಸ್ಟ್‌ವಿಚ್, ಇವಾನ್ಸ್ ಮೊದಲಾದವರು ಫ್ರಾನ್ಸಿನ ಸೊಮ್ ನದಿಯ ಕಣಿವೆಗೆ ಹೋಗಿ, ಬೂಷೆ ದ ಪರ್ತ್ ಅವರು ಬಹುಕಾಲದಿಂದ ಹೇಳುತ್ತಿದ್ದುದು ನಿಜವೆಂದು ಸಾರಿದರು. ಅಲ್ಲಿಂದ ಮುಂದೆ ಮನುಷ್ಯನ ಪ್ರಾಚೀನತೆ ವಿದ್ವತ್ಪ್ರಪಂಚಕ್ಕೆ ಅಂಗೀಕೃತವಾಯಿತು. 1868ರಲ್ಲಿ ಫ್ರಾನ್ಸಿನ ಕ್ರೊಮ್ಯಾನ್ಯೋನ್ ಎಂಬಲ್ಲಿ ಚಿಪ್ಪುಗಳೊಡನೆ ಹೂಳಿದ್ದ ಮಾನವಾಸ್ಥಿಗಳು ಸಿಕ್ಕಿದಾಗ ಪ್ಯಾವಿಲೆಂಡಿನ ಅಸ್ಥಿಪಂಜರಕ್ಕೆ ಒಬ್ಬ ಬಂಧು ಕಂಡಂತಾಯಿತು.

1912ರಲ್ಲಿ ಆಕ್ಸ್‌ಫರ್ಡಿನ ಭೂವಿಜ್ಞಾನ ಪ್ರಾಧ್ಯಾಪಕರಾದ ಸೊಲಸ್ ಅವರು ಪ್ಯಾವಿಲೆಂಡ್ ಗುಹೆಯನ್ನು ಮತ್ತೊಮ್ಮೆ ಅಗೆಯಿಸಿದರು. ಫ್ರಾನ್ಸಿನ ಗುಹೆಗಳನ್ನು ಬಲ್ಲ ಅಬ್ಬೆ ಬ್ರೂಯಿ ಅವರ ನೆರವು ಅವರಿಗಿತ್ತು. ನೂರಾರು ಕಲ್ಲಿನ ಉಪಕರಣಗಳು ದೊರೆತವು. ಅವನ್ನು ಫ್ರಾನ್ಸಿನ ಉಪಕರಣಗಳೊಡನೆ ಹೋಲಿಸಿ, ಇದು ಹಳೆಯ ಶಿಲಾಯುಗದ ಉತ್ತರಭಾಗದ ಆರಿಗ್ನೇಶಿಯನ್ ಎಂಬ ಹಂತಕ್ಕೆ ಸೇರಿದ ನೆಲೆಯೆಂದು 1913ರಲ್ಲಿ ಸೊಲಸ್ ಅವರು ನಿರ್ಣಯಿಸಿದರು. ಎಲುಬುಗಳ ರಚನೆಯನ್ನು ನೋಡಿ ಅದು ಹೆಂಗಸಲ್ಲ, ಗಂಡಸೆಂದೂ ಹೇಳಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸೊಲಸ್ ಅವರು ಅಗೆಯುವ ಹೊತ್ತಿಗೆ ಅಸ್ಥಿಪಂಜರವು ಗುಹೆಯಿಂದ ಹೊರಬಂದು ಸುಮಾರು ತೊಂಬತ್ತು ವರ್ಷಗಳಾಗಿದ್ದವು. ಅದು ಎಷ್ಟು ಆಳದಲ್ಲಿತ್ತು, ಯಾವ ವಸ್ತು ಯಾವ ಎಲುಬಿನ ಬಳಿಯಿತ್ತು, ಕೆಂಪು ಬಣ್ಣ ಎಲ್ಲಿಯವರೆಗೆ ಹಬ್ಬಿತ್ತು ಎಂಬುದನ್ನು ತಿಳಿಯಲು ಅವರಿಗಿದ್ದ ಆಧಾರ ಬಕ್ಲೆಂಡರ ವರ್ಣನೆ ಮತ್ತು ಆ ಛೇದಚಿತ್ರ. ಬಕ್ಲೆಂಡರ ವ್ಯಾಖ್ಯಾನ ತಪ್ಪಾಗಿತ್ತು, ದಾಖಲೆ ಪ್ರಾಮಾಣಿಕವಾಗಿತ್ತು. ತಮ್ಮ ಮತಕ್ಕೆ ಅನುಕೂಲವಲ್ಲದ ದಂತದ ಕಡ್ಡಿಗಳನ್ನೂ ಮ್ಯಾಮತ್ತಿನ ತಲೆಯನ್ನೂ ಅವರು ಮರೆಮಾಚಲಿಲ್ಲ. ಅವರನ್ನು ತಿದ್ದಲು ಬೇಕಾದ ಸಾಧನವನ್ನು ಅವರೇ ಕೊಟ್ಟುಹೋಗಿದ್ದರು.

ಇಂಗಾಲದ ಸಾಕ್ಷ್ಯ

ಹೋಲಿಕೆಯಿಂದ ದೊರೆಯುವುದು ಸಾಪೇಕ್ಷವಾದ ಕಾಲ: ಇದು ಅದಕ್ಕಿಂತ ಹಿಂದಿನದು, ಇದು ಅದರ ಜೊತೆಯದು ಎಂದಷ್ಟೇ. ಎಷ್ಟು ವರ್ಷ ಹಿಂದಿನದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಮಾರ್ಗವನ್ನು 1949ರಲ್ಲಿ ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ತೋರಿಸಿದರು. ಅದಕ್ಕಾಗಿ 1960ರಲ್ಲಿ ಲಿಬ್ಬಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಅದರ ತತ್ತ್ವವನ್ನು ಸರಳವಾಗಿ ಹೇಳಬಹುದು. ಆಕಾಶದಿಂದ ಬರುವ ವಿಶ್ವಕಿರಣಗಳ ಪರಿಣಾಮವಾಗಿ ವಾಯುಮಂಡಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿ ಸದಾ ಹುಟ್ಟುತ್ತಿರುತ್ತದೆ. ಗಿಡಮರಗಳು ಅದನ್ನು ಹೀರುತ್ತವೆ. ಅವನ್ನು ತಿನ್ನುವ ಪ್ರಾಣಿಗಳ ಮೈಯೊಳಕ್ಕೂ ಅದು ಸೇರುತ್ತದೆ. ಜೀವ ಹೋದೊಡನೆ ಹೊಸ ಇಂಗಾಲ ಬರುವುದು ನಿಲ್ಲುತ್ತದೆ. ಒಳಗಿರುವುದು ಮಾತ್ರ ಕ್ಷಯಿಸುತ್ತ ಹೋಗುತ್ತದೆ: 5,730 ವರ್ಷಗಳಲ್ಲಿ ಅರ್ಧ, ಮತ್ತೆ ಅಷ್ಟೇ ವರ್ಷಗಳಲ್ಲಿ ಅರ್ಧದ ಅರ್ಧ. ಉಳಿದಿರುವುದನ್ನು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂಬುದು ತಿಳಿಯುತ್ತದೆ. ಅರ್ಧಾರ್ಧವಾಗಿ ಆರು ಸಲ ಕರಗುವ ಹೊತ್ತಿಗೆ ಮೊದಲಿದ್ದುದರಲ್ಲಿ ಅರವತ್ತನಾಲ್ಕರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಪ್ಯಾವಿಲೆಂಡಿನ ಎಲುಬುಗಳ ತೊಡಕೆಲ್ಲ ಇರುವುದು ಇಲ್ಲಿಯೇ.

1968ರಲ್ಲಿ ಕೆನೆತ್ ಓಕ್ಲಿ ಅವರು ಈ ಎಲುಬುಗಳ ಮೊದಲ ಇಂಗಾಲ-ಕಾಲವನ್ನು ಪ್ರಕಟಿಸಿದರು. ಎಲುಬಿನಲ್ಲಿರುವ ಫ್ಲೋರಿನ್ ಅಂಶವನ್ನು ಅಳೆದು, 1912ರಲ್ಲಿ ಪ್ರಸಿದ್ಧಿಗೆ ಬಂದಿದ್ದ ಪಿಲ್ಟ್‌ಡೌನ್ ಮಾನವನ ಬುರುಡೆ ಕೃತ್ರಿಮವೆಂದು 1953ರಲ್ಲಿ ಬಯಲಿಗೆಳೆದವರಲ್ಲಿ ಇವರೂ ಒಬ್ಬರು. ಪ್ಯಾವಿಲೆಂಡಿನ ಎಲುಬಿಗೆ ದೊರೆತ ಕಾಲ 18,460 ವರ್ಷ, 340 ಹೆಚ್ಚು ಅಥವಾ ಕಡಿಮೆ. ಹಳೆಯ ಶಿಲಾಯುಗದ್ದೆಂಬ ಮಾತು ಇದರಿಂದ ದೃಢವಾಯಿತು. ಆದರೆ ಹೊಸದೊಂದು ಸಮಸ್ಯೆ ತಲೆದೋರಿತು. ಅದು ಕೊನೆಯ ಹಿಮಯುಗದ ಕಡುಚಳಿಯ ಕಾಲ. ಹಿಮರಾಶಿಯ ಅಂಚು ಗೋವರಿನ ಸಮೀಪಕ್ಕೆ ಚಾಚಿತ್ತು. ಮನುಷ್ಯರು ಬ್ರಿಟನ್ನನ್ನೇ ತೊರೆದಿದ್ದರೆಂದು ಬೇರೆ ಸಾಕ್ಷ್ಯಗಳು ಹೇಳುತ್ತಿರುವಾಗ, ಆ ಹಿಮದ ಬದಿಯಲ್ಲಿ ಒಬ್ಬನನ್ನು ಆಭರಣಗಳೊಡನೆ ಹೂಳಿದವರು ಯಾರು?

ಉತ್ತರ ಸಿಗಬೇಕಾದರೆ ಅಳತೆಯ ಸಾಧನವೇ ಉತ್ತಮಗೊಳ್ಳಬೇಕಾಗಿತ್ತು. ಮೊದಲ ವಿಧಾನದಲ್ಲಿ ಇಂಗಾಲ-14 ಒಡೆಯುವುದನ್ನು ಕಾದು ಎಣಿಸಬೇಕಿತ್ತು. ಅದಕ್ಕೆ ಎಲುಬಿನ ದೊಡ್ಡ ತುಂಡು ಬೇಕು. ಕಣಗಳ ವೇಗವರ್ಧಕ ಯಂತ್ರ ಬಂದ ಮೇಲೆ ಪರಮಾಣುಗಳನ್ನೇ ನೇರವಾಗಿ ಎಣಿಸುವುದು ಸಾಧ್ಯವಾಯಿತು. ಸಣ್ಣ ಚೂರೊಂದು ಸಾಕಾಯಿತು. ಆಕ್ಸ್‌ಫರ್ಡಿನ ಪ್ರಯೋಗಶಾಲೆ 1989ರಲ್ಲಿ ಪ್ರಕಟಿಸಿದ ಫಲಿತಾಂಶ 26,350 ವರ್ಷ, 550 ಹೆಚ್ಚು ಅಥವಾ ಕಡಿಮೆ. ಎಲುಬಿನ ವಯಸ್ಸು ಸುಮಾರು ಎಂಟು ಸಾವಿರ ವರ್ಷ ಹೆಚ್ಚಿತು!

2008ರಲ್ಲಿ ರೋಜರ್ ಜಾಕೋಬಿ ಮತ್ತು ಟಾಮ್ ಹೈಯಮ್ ಅವರು ಮತ್ತೊಮ್ಮೆ ಪರೀಕ್ಷಿಸಿದರು. ಎಲುಬಿನ ಕಾಲವನ್ನು ಅಳೆಯುವುದು ಅದರೊಳಗಿನ ಕೊಲಾಜೆನ್ ಎಂಬ ಪ್ರೋಟೀನಿನಿಂದ. ಅದಕ್ಕೆ ಮಣ್ಣಿನಿಂದ ಬಂದ ಕೊಳೆ, ಮುಟ್ಟಿದ ಕೈಗಳ ಅಂಟು, ವಸ್ತುಸಂಗ್ರಹಾಲಯಗಳಲ್ಲಿ ಹಿಂದೆ ಎಲುಬು ಪುಡಿಯಾಗದಿರಲೆಂದು ಬಳಿಯುತ್ತಿದ್ದ ಸರೇಸು ಮೊದಲಾದವು ಬೆರೆತಿರಬಹುದು. ಅವರು ಕೊಲಾಜೆನ್ನನ್ನು ಅತಿಸೂಕ್ಷ್ಮವಾದ ಸೋಸಣಿಗೆಯ ಮೂಲಕ ಹಾಯಿಸಿದರು. ಚಿಕ್ಕ ಅಣುಗಳಾದ ಕಲ್ಮಷಗಳು ಸೋರಿಹೋಗಿ, ದೊಡ್ಡ ಎಳೆಗಳ ಶುದ್ಧ ಕೊಲಾಜೆನ್ ಮೇಲೆ ಉಳಿಯಿತು. ಆಗ ಬಂದ ಅಂಕಿಗಳು ಎರಡು: 28,870 ಮತ್ತು 29,490.

ಇಷ್ಟು ಅಂತರ ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಲೆಕ್ಕ ಸರಳವಾಗಿದೆ. ಇಷ್ಟು ಹಳೆಯ ಎಲುಬಿನಲ್ಲಿ ಮೂಲದ ಇಂಗಾಲ-14 ಉಳಿದಿರುವುದು ನೂರಕ್ಕೆ ಮೂರು ಪಾಲಿಗಿಂತಲೂ ಕಡಿಮೆ. ಅದರೊಳಗೆ ಈಚಿನ ಇಂಗಾಲ ನೂರಕ್ಕೆ ಒಂದೇ ಪಾಲು ಬೆರೆತರೂ ಎಲುಬು ಸುಮಾರು ಎರಡೂವರೆ ಸಾವಿರ ವರ್ಷ ಎಳೆಯದಾಗಿ ಕಾಣುತ್ತದೆ. ಏಳೆಂಟು ಪಾಲು ಬೆರೆತರೆ ಹತ್ತು ಸಾವಿರ ವರ್ಷವೇ ಮಾಯವಾಗುತ್ತದೆ. ದೋಷ ಇದ್ದುದು ತತ್ತ್ವದಲ್ಲಲ್ಲ, ಶುದ್ಧಿಯಲ್ಲಿ.

ಇಂಗಾಲದ ವರ್ಷವೂ ಪಂಚಾಂಗದ ವರ್ಷವೂ ಒಂದೇ ಅಲ್ಲ ಎಂಬುದನ್ನು ಕೂಡ ಇಲ್ಲಿ ಹೇಳಬೇಕು. ವಾಯುಮಂಡಲದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲ. ಮರಗಳ ವಾರ್ಷಿಕ ಬಳೆಗಳು, ಕೆರೆಯ ತಳದಲ್ಲಿ ವರ್ಷಕ್ಕೊಂದರಂತೆ ಕೂತ ಹೂಳಿನ ಪದರಗಳು, ಗುಹೆಗಳ ಸುಣ್ಣದ ಕಂಬಗಳು, ಹವಳಗಳು ಇವುಗಳೊಡನೆ ತಾಳೆನೋಡಿ ತಿದ್ದುಪಡಿಯ ಕೋಷ್ಟಕವನ್ನು ಸಿದ್ಧಪಡಿಸಿದ್ದಾರೆ. ಅದರಂತೆ ಪ್ಯಾವಿಲೆಂಡಿನ ವ್ಯಕ್ತಿ ಇಂದಿಗೆ 33,000ದಿಂದ 34,000 ವರ್ಷಗಳ ಹಿಂದೆ ಬಾಳಿದವನು. ಅದು ಹಿಮದ ಕಡುಚಳಿಗೆ ಬಹು ಮೊದಲು, ಹವೆ ತಕ್ಕಮಟ್ಟಿಗೆ ಸಹನೀಯವಾಗಿದ್ದ ಕಾಲ. ಹಿಮದ ಬದಿಯ ಸಮಾಧಿಯೆಂಬ ಒಗಟು ಹೀಗೆ ತಾನಾಗಿ ಬಿಡಿಸಿಕೊಂಡಿತು.

ಎಲುಬು ಹೇಳಿದ ಬಾಳು

ಕಾಲವೊಂದೇ ಅಲ್ಲ, ಬಾಳಿದ ರೀತಿಯನ್ನೂ ಎಲುಬು ತಿಳಿಸುತ್ತದೆ. ಸ್ಟೀಫನ್ ಆಲ್ಡ್‌ಹೌಸ್-ಗ್ರೀನ್ ಅವರ ಸಂಪಾದಕತ್ವದಲ್ಲಿ 2000ದಲ್ಲಿ ಹೊರಬಂದ ಬೃಹತ್ ವರದಿಯಲ್ಲಿ ಬೇರೆ ಬೇರೆ ಶಾಸ್ತ್ರಗಳ ತಜ್ಞರು ಒಂದುಗೂಡಿ ಈ ಅಸ್ಥಿಗಳನ್ನು ಪರೀಕ್ಷಿಸಿದ್ದಾರೆ. ಕಟಿಯ ಎಲುಬಿನ ರಚನೆಯಿಂದ ಗಂಡು ಹೆಣ್ಣೆಂಬುದು, ಎಲುಬಿನ ತುದಿಗಳು ಬೆಸೆದುಕೊಂಡ ಬಗೆಯಿಂದ ವಯಸ್ಸು, ತೊಡೆಯ ಎಲುಬಿನ ಉದ್ದದಿಂದ ಎತ್ತರ ಗೊತ್ತಾಗುತ್ತದೆ. ಇವನು ಇಪ್ಪತ್ತೈದರಿಂದ ಮೂವತ್ತು ವರ್ಷದೊಳಗಿನ ತರುಣ. ಎತ್ತರ ಐದು ಅಡಿ ಎಂಟು ಅಂಗುಲದಷ್ಟು. ಇಂಗಾಲ ಮತ್ತು ಸಾರಜನಕಗಳ ವಿವಿಧ ರೂಪಗಳ ಪ್ರಮಾಣದಿಂದ ಅವನ ಆಹಾರವೂ ತಿಳಿಯಿತು: ಹೆಚ್ಚಿನದು ನೆಲದ ಪ್ರಾಣಿಗಳ ಮಾಂಸ, ಒಂದು ಸಣ್ಣ ಪಾಲು ಮೀನು ಮುಂತಾದ ಜಲಾಹಾರ. ಆಗ ಕಡಲು ಗುಹೆಯಿಂದ ಸುಮಾರು 100 ಕಿಲೋಮೀಟರು ದೂರದಲ್ಲಿತ್ತು. ಇಂದು ಅಲೆಗಳು ಹೊಡೆಯುವ ಕಡೆ ಪ್ರಾಣಿಗಳ ಹಿಂಡು ಮೇಯುವ ಬಯಲಿತ್ತು. ಅಷ್ಟು ದೂರದ ಕಡಲಿನ ಚಿಪ್ಪುಗಳು ಅವನ ತೊಡೆಯ ಬಳಿ ಇದ್ದುವೆಂಬುದನ್ನು ನೆನೆದರೆ ಆ ಜನರ ಸಂಚಾರದ ವಿಸ್ತಾರ ಮನಸ್ಸಿಗೆ ಬರುತ್ತದೆ.

ಆಭರಣವಿದ್ದರೆ ಹೆಂಗಸು ಎಂಬ ಊಹೆ ಪ್ಯಾವಿಲೆಂಡಿನಲ್ಲಿ ದಾರಿತಪ್ಪಿಸಿತು. ಇದಕ್ಕೆ ಎದುರಾದ ಪ್ರಸಂಗ ಇಟಲಿಯ ಗಡಿಯ ಕವಿಯೋನ್ ಗುಹೆಯದು. ಅಲ್ಲಿ 1872ರಲ್ಲಿ ದೊರೆತ, ಕೆಮ್ಮಣ್ಣಿನಿಂದ ಕೆಂಪಾದ ಅಸ್ಥಿಪಂಜರವನ್ನು ಗಂಡಸೆಂದು ಬಹುಕಾಲ ಕರೆದರು. ಮರುಪರೀಕ್ಷೆಯಲ್ಲಿ ಅದು ಹೆಂಗಸೆಂದು ತಿಳಿಯಿತು. ಒಂದು ಕಡೆ ಹೆಣ್ಣು ಗಂಡಾಯಿತು, ಇನ್ನೊಂದು ಕಡೆ ಗಂಡು ಹೆಣ್ಣಾಯಿತು.

ಪಶ್ಚಿಮ ಯೂರೋಪಿನಲ್ಲಿ ಈವರೆಗೆ ಕಂಡಿರುವ ಅತಿ ಪ್ರಾಚೀನವಾದ ವಿಧ್ಯುಕ್ತ ಶವಸಂಸ್ಕಾರಗಳಲ್ಲಿ ಪ್ಯಾವಿಲೆಂಡಿನದೂ ಒಂದು. ಮೃತದೇಹವನ್ನು ನೆಲಕ್ಕೆ ಒಪ್ಪಿಸುವ ಸಂಪ್ರದಾಯದವರಾದ ನಮಗೆ ಆ ದೃಶ್ಯ ತೀರ ಅಪರಿಚಿತವಲ್ಲ. ಮಿಂದ ಮೈಗೆ ವಿಭೂತಿಯನ್ನು ಧರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ಸಮಾಧಿಯಲ್ಲಿ ಕುಳ್ಳಿರಿಸುವ ನಮ್ಮ ಕ್ರಿಯೆಗೆ ಅರ್ಥವೇನೆಂಬುದನ್ನು ನಮ್ಮ ಶಾಸ್ತ್ರವೂ ಅನುಭಾವವೂ ಹೇಳುತ್ತವೆ. ಪ್ಯಾವಿಲೆಂಡಿನ ಕೆಂಪು ಮಣ್ಣಿಗೆ ಅಂತಹ ಯಾವ ವಾಕ್ಯವೂ ಜೊತೆಯಾಗಿ ಬಂದಿಲ್ಲ. ಅದು ರಕ್ತದ ಸಂಕೇತವೆಂದೂ ಮರುಹುಟ್ಟಿನ ಕುರುಹೆಂದೂ ಹೇಳುವವರಿದ್ದಾರೆ. ಅವು ಊಹೆಗಳು. ಸತ್ತವನನ್ನು ಎಸೆದು ಹೋಗದೆ, ತಮ್ಮಲ್ಲಿದ್ದ ಬೆಲೆಯುಳ್ಳ ವಸ್ತುಗಳನ್ನು ಅವನೊಡನೆ ಇಟ್ಟು ಹೋದರು ಎಂಬಷ್ಟು ಮಾತ್ರ ನಿಶ್ಚಿತ. ಆ ನಿಶ್ಚಯವೂ ಚಿಕ್ಕದಲ್ಲ.

ನಮ್ಮ ಅಧ್ಯಯನಗಳಿಗೆ ಇದರ ಪಾಠ

ನಮ್ಮ ನಾಡಿನಲ್ಲಿಯೂ ಈ ವಿಧಾನಗಳು ಬಳಕೆಗೆ ಬಂದಿವೆ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಸಮಾಧಿಗಳು ದೊರೆತವು. ಅಸ್ಥಿಗಳನ್ನು ಮಾನವಶಾಸ್ತ್ರಜ್ಞರು ಪರೀಕ್ಷಿಸಿದರು. ಆ ನೆಲೆಯ ಇದ್ದಿಲಿನ ಇಂಗಾಲ-ಕಾಲವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಳೆದು, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ್ದೆಂದು ಗೊತ್ತುಮಾಡಿದರು. ಪುಸ್ತಕದಲ್ಲಿ ಓದುವ ಪರದೇಶದ ಸುದ್ದಿಯಷ್ಟೇ ಇದಲ್ಲ ಎಂಬುದನ್ನು ತೋರಿಸಲು ಇಷ್ಟು ಸಾಕು.

ಆದರೆ ಪ್ಯಾವಿಲೆಂಡಿನ ಇತಿಹಾಸದಿಂದ ನಾವು ಕಲಿಯಬೇಕಾದುದು ಪ್ರಯೋಗಶಾಲೆಯ ತಂತ್ರಕ್ಕಿಂತ ಹೆಚ್ಚಿನದು. ಬಕ್ಲೆಂಡರಿಗೆ ಮನುಷ್ಯನ ಅಸ್ಥಿ ಹಳೆಯದಾಗಬಾರದೆಂಬ ಹಂಬಲವಿತ್ತು. ನಮ್ಮ ಹಂಬಲ ಇದಕ್ಕೆ ತಿರುಗುಮುರುಗಾದುದು: ನಮ್ಮದೆಲ್ಲ ಹಳೆಯದಾಗಬೇಕು. ಗ್ರಂಥವೊಂದು ಸಿಕ್ಕಿದರೆ ಅದನ್ನು ಎರಡು ಶತಮಾನ ಹಿಂದಕ್ಕೆ ಒಯ್ಯುವ, ಗುರುಪರಂಪರೆಯೊಂದನ್ನು ಬರೆಯುವಾಗ ಬರಿದಾದ ಕಡೆ ಹೆಸರು ತುಂಬುವ ಪ್ರವೃತ್ತಿ ನಮ್ಮಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಲಾರೆವು. ದಿಕ್ಕು ಬೇರೆಯಾದರೂ ದೋಷ ಒಂದೇ. ಸಾಕ್ಷ್ಯಕ್ಕೆ ಮೊದಲೇ ತೀರ್ಪನ್ನು ಬರೆದಿಟ್ಟುಕೊಳ್ಳುವುದು.

ಶರಣರ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದ ಫ್ಲೀಟ್ ಅವರು, ತಮಗೆ ದೊರೆತ ಶಾಸನಾಧಾರದ ಮೇಲೆ ಏಕಾಂತದ ರಾಮಯ್ಯನಿಗೆ ಪ್ರಾಧಾನ್ಯವನ್ನಿತ್ತು, ಬಸವಣ್ಣನವರ ವಿಷಯದಲ್ಲಿ ಸಂಶಯವನ್ನು ವ್ಯಕ್ತಪಡಿಸಿದರು. ಆ ಸಂಶಯಕ್ಕೆ ಸರಿಯಾದ ಉತ್ತರ ಬಂದದ್ದು ಕೋಪದ ಮಾತಿನಿಂದಲ್ಲ, ಇನ್ನೊಂದು ಕಲ್ಲಿನಿಂದ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವು ಸಂಗನಬಸವನನ್ನು ಹೆಸರಿಸಿ ನಿಂತಿತು. ಶಾಸನ ಸಿಗುವುದಕ್ಕೆ ಮೊದಲೂ ಬಸವಣ್ಣನವರ ಹಿರಿಮೆ ಕಡಮೆಯಾಗಿರಲಿಲ್ಲ, ಸಿಕ್ಕಿದ ಮೇಲೆ ಹೆಚ್ಚಲೂ ಇಲ್ಲ; ನಮ್ಮ ತಿಳಿವಳಿಕೆ ಮಾತ್ರ ಗಟ್ಟಿಯಾಯಿತು. ಧರ್ಮದ ಬೆಲೆ ಅದರ ವಯಸ್ಸಿನಲ್ಲಿಲ್ಲ, ಅದು ಬಾಳಿಗೆ ಕೊಡುವ ಬೆಳಕಿನಲ್ಲಿದೆ. ಇದನ್ನರಿತವರಿಗೆ ಕಾಲನಿರ್ಣಯದಿಂದ ಭಯವಿಲ್ಲ. ಬಕ್ಲೆಂಡರ ಪ್ರಳಯವಾದ ಬಿದ್ದುಹೋಯಿತು. ಅವರ ಪಾದ್ರಿತನಕ್ಕೆ ಅದರಿಂದ ಚ್ಯುತಿಯೇನೂ ಬರಲಿಲ್ಲ. 1845ರಲ್ಲಿ ಅವರು ವೆಸ್ಟ್‌ಮಿನ್‌ಸ್ಟರಿನ ಮಹಾಮಂದಿರದ ಮುಖ್ಯ ಧರ್ಮಾಧಿಕಾರಿಗಳಾದರು.

ಕೊನೆಯದಾಗಿ, ಹಳ್ಳಿಗಳಲ್ಲಿರುವ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಬಾವಿ ತೋಡುವಾಗ, ಹೊಲ ಸಮಮಾಡುವಾಗ, ಗುಡಿಯ ತಳಪಾಯ ತೆಗೆಯುವಾಗ ಎಲುಬು, ಮಡಕೆ, ಕಲ್ಲಿನ ಕೊಡಲಿ, ಬರೆಹದ ಕಲ್ಲು ಕಂಡರೆ ಒಡನೆ ಕೀಳಬೇಡಿ, ತೊಳೆಯಬೇಡಿ, ಬಣ್ಣ ಎಣ್ಣೆಗಳನ್ನು ಹಚ್ಚಬೇಡಿ. ಎಷ್ಟು ಆಳದಲ್ಲಿತ್ತು, ಯಾವುದರ ಪಕ್ಕದಲ್ಲಿ ಏನಿತ್ತು ಎಂಬುದನ್ನು ಬರೆದಿಟ್ಟು, ಪ್ರಾಕ್ತನ ಇಲಾಖೆಗೆ ತಿಳಿಸಿ. ಅದರ ಅರ್ಥವನ್ನು ನೀವೇ ಹೇಳಬೇಕಾಗಿಲ್ಲ. ಹೇಳಿದರೂ ಅದು ತಪ್ಪಾಗಬಹುದು. ಕಂಡದ್ದನ್ನು ಕಂಡಂತೆ ಬರೆದಿಟ್ಟರೆ ಮುಂದೆ ಬರುವವರು ತಿದ್ದಿಕೊಳ್ಳುತ್ತಾರೆ. ಪ್ಯಾವಿಲೆಂಡಿನ ತರುಣನಿಗೆ ಅವನ ಕಾಲವೂ ಗಂಡುತನವೂ ಮರಳಿ ದೊರೆತದ್ದು ಹಾಗೆ ಬರೆದಿಟ್ಟ ಕೆಲವು ಪುಟಗಳಿಂದ.